ಲಾಟೀನಿನೋರ ಪುರಾಣ

ಈ ಶ್ರಾವಣದಲ್ಲಿ ಒಂದು ಮಹಾಕಾರ್ಯ ಮಾಡಿಯೇ ತೀರುವುದೆಂದು ಹೊಳಲ್ಕೆರೆಯ ಕಲ್ಲೇಶ ಪಣ ತೊಟ್ಟ. ತೊಟ್ಟಿದ್ದು ಬಚ್ಚಲಮನೆಯಲ್ಲಿ, ತಲೆ ಮೇಲೆ ಎರಡನೇ ಚೊಂಬು ನೀರು ಸುರಿದುಕೊಳ್ಳುವಾಗ. ಅವನ ದೊಡ್ಡ ದೊಡ್ಡ ಸಂಕಲ್ಪಗಳೆಲ್ಲ ಅಲ್ಲೇ ಹುಟ್ಟುತ್ತವೆ, ಮೈ ಒರೆಸಿಕೊಳ್ಳುವಷ್ಟರಲ್ಲಿ ಆರಿಯೂ ಹೋಗುತ್ತವೆ. ಈ ಸಲದ್ದು ಆರಲಿಲ್ಲ. ಟವೆಲ್ಲು ಸುತ್ತಿಕೊಂಡೇ ನಡುಮನೆಗೆ ಬಂದು ಹೆಂಡತಿ ಭಾಗ್ಯಳ ಮುಂದೆ ಘೋಷಿಸಿದ.

"ಇಪ್ಪತ್ಮೂರು ಆಲ್ಬಂ. ದಿನಕ್ಕೊಂದು. ಮೊದಲನೇದರಿಂದ ಕೊನೇದರ ತನಕ ಒಂದು ಹಾಡೂ ಬಿಡದಂಗೆ ಕೇಳ್ತೀನಿ. ಈ ಜಿಲ್ಲೆಯಾಗೆ ಯಾರೂ ಮಾಡಿರದ ಕೆಲಸ!"

"ಮಾಡಿರಲ್ಲ ಬಿಡ್ರಿ," ಅಂದಳು ಭಾಗ್ಯ, ಅಲಸಂದೆಕಾಯಿ ಸುಲಿಯುತ್ತಾ. "ಉಳಿದೋರಿಗೆ ಬ್ಯಾರೆ ಕೆಲಸ ಇರ್ತವೆ."

ಕಲ್ಲೇಶನದು ಬಸ್ ಸ್ಟ್ಯಾಂಡಿನ ಹಿಂದೆ ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಲಿನ ತೋಟಗಳ ಪಂಪ್‌ಸೆಟ್ಟುಗಳೆಲ್ಲ ಸುಟ್ಟುಕೊಂಡು ಬಂದು ಅವನ ಮುಂದೆ ಮಲಗುತ್ತವೆ. ಮೂವತ್ತು ವರ್ಷದ ಹಿಂದೆ ಚಿತ್ರದುರ್ಗದಲ್ಲಿ ಐಟಿಐ ಓದುವಾಗ, ರೂಮು ಖಾಲಿ ಮಾಡಿದ ಯಾರೋ ಪುಣ್ಯಾತ್ಮ ಒಂದು ಕ್ಯಾಸೆಟ್ ಮರೆತು ಹೋಗಿದ್ದ. 'ಡಸ್ಟಿ ಲ್ಯಾಂಟರ್ನ್', ಅಂದರೆ ಧೂಳು ಹಿಡಿದ ಲಾಟೀನು, ಎಂಬ ಅಮೆರಿಕದ ಬ್ಲೂಸ್ ರಾಕ್ ತಂಡದ್ದು. ಬ್ಲೂಸ್ ಅಂದರೆ, ಕಲ್ಲೇಶನ ಪ್ರಕಾರ, ಸಂಕಟವನ್ನು ಗಿಟಾರಿನ ಮೇಲಿಟ್ಟು ಉಜ್ಜುವ ವಿದ್ಯೆ. ರಾಕ್ ಅಂದರೆ ಅದನ್ನು ಪಕ್ಕದ ಬೀದಿಗೂ ಕೇಳಿಸುವುದು. ಆ ಕ್ಯಾಸೆಟ್ಟಿನ ಅರ್ಧ ಭಾಗವನ್ನು ಟೇಪ್ ರೆಕಾರ್ಡರ್ ತಿಂದುಹಾಕಿತು, ಉಳಿದರ್ಧ ಕಲ್ಲೇಶನನ್ನು ತಿಂದುಹಾಕಿತು. ಎಪ್ಪತ್ತೊಂದನೇ ಇಸವಿಯಲ್ಲಿ ಶುರು ಹಚ್ಚಿಕೊಂಡ ಆ ತಂಡದವರು ಹಾಡುವುದನ್ನು ಇನ್ನೂ ನಿಲ್ಲಿಸಿಲ್ಲ. ಇಪ್ಪತ್ಮೂರೂ ಆಲ್ಬಂ ಈಗ ಮೊಬೈಲಿನಲ್ಲೇ ಸಿಗುತ್ತವೆ ಅಂತ ಗೊತ್ತಾದ ದಿನ ಕಲ್ಲೇಶ ಮೂರು ಮೋಟಾರಿಗೆ ತಪ್ಪು ತಂತಿ ಸುತ್ತಿದ.

ಸಂಕಲ್ಪವಾಗಿ ಅರ್ಧ ಗಂಟೆ ಕಳೆದಿರಲಿಲ್ಲ, ತಾಳ್ಯದಿಂದ ಭಾಗ್ಯಳ ತಮ್ಮ ಮುರುಗೇಶನ ಫೋನು. ಅವನು ಹೊಸ ಮನೆ ಕಟ್ಟಿಸುತ್ತಿದ್ದ. ವೈರಿಂಗ್ ಕೆಲಸ ಬಂದಿದೆ, ಭಾವ ಬಂದು ಇಪ್ಪತ್ತು ದಿನ ಇದ್ದು ಮುಗಿಸಿಕೊಟ್ಟು ಹೋಗಬೇಕು ಅಂದ. ಕಲ್ಲೇಶ ಬಂಧುಬಳಗಕ್ಕೆಲ್ಲ ಒಂದು ಖಾಸಗಿ ವಿದ್ಯುತ್ ಇಲಾಖೆ. ಮಿಕ್ಸಿ ಕೆಟ್ಟರೆ ಅವನು, ಫ್ಯಾನು ನಿಂತರೆ ಅವನು. ಮದುವೆ ಮನೆಗೆ ಹೋದರೂ ಜೇಬಿನಲ್ಲಿ ಟೆಸ್ಟರ್ ಇರಬೇಕು. ಈ ಸಲ ಮಾತ್ರ ಅವನೊಳಗಿನ ಲಾಟೀನು ಭಗ್ಗನೆ ಉರಿಯಿತು. ಬಾಯಿ ತಾನಾಗಿ ಹೇಳಿಬಿಟ್ಟಿತು:

"ಮನೇಲಿ ಪುರಾಣ ಹಚ್ಚಿದೀವಿ ಕಣಪ್ಪ. ಮಂಗಳ ಆಗೋ ತನಕ ಊರು ದಾಟಂಗಿಲ್ಲ."

ನಮ್ಮ ಕಡೆ ಈ ಮಾತಿಗೆ ಮೇಲ್ಮನವಿಯೇ ಇಲ್ಲ. ಶ್ರಾವಣದಲ್ಲಿ ಮಠದಲ್ಲೋ ಮನೆಯಲ್ಲೋ ಶರಣರ ಪುರಾಣ ಹಚ್ಚಿದರೆ, ಕೊನೆಯ ದಿನ ಮಂಗಳ ಹಾಡುವವರೆಗೆ ದಿನ ತಪ್ಪಿಸದೆ ಕೇಳಬೇಕು, ನಡುವೆ ಎದ್ದು ಹೋಗುವಂತಿಲ್ಲ. ಮುರುಗೇಶ ಭಕ್ತಿಯಿಂದ "ಒಳ್ಳೇದಾತು ಭಾವ" ಅಂದು ಫೋನಿಟ್ಟ. ಕಲ್ಲೇಶ ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡ.

ಮಾರನೇ ದಿನ ಹನ್ನೊಂದರ ಬಸ್ಸಿಗೆ ತಾಳ್ಯದಿಂದ ಅತ್ತೆ ದಾಕ್ಷಾಯಣಮ್ಮ ಬಂದಿಳಿದರು. ಕೈಯಲ್ಲಿ ದೊಡ್ಡ ಬ್ಯಾಗು. ಒಂದೆರಡು ದಿನಕ್ಕೆ ಬಂದವರ ಬ್ಯಾಗಲ್ಲ ಅದು.

ದಾಕ್ಷಾಯಣಮ್ಮ ಸಾಮಾನ್ಯರಲ್ಲ. ಮೂವತ್ತು ಶ್ರಾವಣ ಮಠದಲ್ಲಿ ಮುಂದಿನ ಸಾಲಿನಲ್ಲೇ ಕೂತು ಪುರಾಣ ಕೇಳಿದವರು. ಓದುವವರು ಒಂದು ಪುಟ ಹಾರಿಸಿದರೆ ತಡೆದು ಹಿಂದಕ್ಕೆ ಕಳಿಸುವವರು. ಅಳಿಯನನ್ನು ಮಾತ್ರ ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಹೊಗಳಿದವರಲ್ಲ. ಅವರ ಲೆಕ್ಕದಲ್ಲಿ ಕಲ್ಲೇಶ ಅಂದರೆ ಕೈಯ ಗ್ರೀಸನ್ನು ಒಳ್ಳೇ ಟವೆಲ್ಲಿಗೆ ಒರೆಸುವ ಮನುಷ್ಯ. ಅಂಥವರು ಹೊಸಿಲಲ್ಲಿ ನಿಂತು, ಅಳಿಯಂದಿರು ಪುರಾಣ ಹಚ್ಚಿದ್ದು ಕೇಳಿ ಕಣ್ಣಲ್ಲಿ ನೀರು ಬಂತು, ಮಂಗಳ ಮುಗಿಸಿಕೊಂಡೇ ಹೋಗುತ್ತೇನೆ ಅಂದರು. ಕಲ್ಲೇಶನ ಕಣ್ಣಲ್ಲೂ ನೀರು ಬಂತು. ಕಾರಣ ಬೇರೆ.

ಭಾಗ್ಯ ಗಂಡನನ್ನು ಅಡುಗೆಮನೆಗೆ ಎಳೆದಳು.

"ದೇವರ ಹೆಸರಾಗೆ ಸುಳ್ಳು ಹೇಳಿ ಮುರುಗನ ಕೆಲಸ ತಪ್ಪಿಸ್ಕಂಡ್ರಿ ಅಂತ ನಮ್ಮವ್ವಗೆ ಗೊತ್ತಾತೋ, ಮುಗೀತು. ತಾಳ್ಯದಾಗೆ ನೀವು ಮತ್ತೆ ಮುಖ ತೋರ್ಸಂಗಿಲ್ಲ. ನೀವೇ ಹಚ್ಚಿದೀರಿ, ನೀವೇ ಆರಿಸ್ಕಳ್ರಿ."

ಸಂಜೆ ಐದೂವರೆಗೆ ದಾಕ್ಷಾಯಣಮ್ಮ ಸ್ನಾನ ಮಾಡಿ, ವಿಭೂತಿ ಧರಿಸಿ ಬಂದರು. ಪುಸ್ತಕ ಎಲ್ಲಿ ಅಂದರು. ಕಲ್ಲೇಶ ಕಪ್ಪು ಸ್ಪೀಕರ್ ಡಬ್ಬಿ ತೋರಿಸಿದ. ಈಗಿನ ಕಾಲದಲ್ಲಿ ಎಲ್ಲ ಇದರಲ್ಲೇ ಬರುತ್ತದೆ ಅಂದ. ಅವರು ತಕರಾರು ತೆಗೆಯದೆ ಮಣೆ ಹಾಕಿಸಿ, ಅದರ ಮೇಲೆ ಮಡಿಬಟ್ಟೆ ಹಾಸಿ, ಸ್ಪೀಕರನ್ನು ಕೂರಿಸಿ, ಅದಕ್ಕೆ ವಿಭೂತಿ ಹಚ್ಚಿ ಎರಡು ಸೇವಂತಿಗೆ ಏರಿಸಿದರು. ಕಲ್ಲೇಶ ಮನಸ್ಸಿನಲ್ಲೇ ನೂರೆಂಟು ಸಲ ಕ್ಷಮೆ ಕೇಳಿ ಮೊದಲ ಆಲ್ಬಮ್ಮಿನ ಮೊದಲ ಹಾಡು ಒತ್ತಿದ.

ಗಿಟಾರು ಮರ ಕೊಯ್ಯುವ ಮಿಷನ್ನಿನಂತೆ ಶುರುವಾಯಿತು. ದಾಕ್ಷಾಯಣಮ್ಮ ಕದಲಲಿಲ್ಲ.

"ಇಂಗ್ಲೀಷಿನಾಗೈತಲ್ಲ?"

"ಹೂಂ ಅತ್ತೆ. ಇವರು ಅಮೆರಿಕದ ಕಡೆಯೋರು."

"ಆಗ್ಲಿ. ಓದೋರು ಅವರು, ಅರ್ಥ ಹೇಳೋರು ನೀವು. ಹೇಳ್ರಿ."

ಪುರಾಣ ಅಂದಮೇಲೆ ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ಬಿಡಿಸಿ ಹೇಳಬೇಕು, ಅದೇ ಕ್ರಮ. ಅದನ್ನು ಕಲ್ಲೇಶ ಮರೆತೇಬಿಟ್ಟಿದ್ದ. ಅವನ ಇಂಗ್ಲೀಷು ಮೋಟಾರಿನ ಮೇಲಿನ ತಗಡಿನ ಪಟ್ಟಿ ಓದುವಷ್ಟು. ಮೇಲಾಗಿ ಆ ಹಾಡು, ಅವನಿಗೆ ತಿಳಿದ ಮಟ್ಟಿಗೆ, ಕುಡಿದು ಬಂದ ಗಂಡನಿಗೆ ಹೆಂಡತಿ ಬಾಗಿಲು ತೆಗೆಯದೇ ಇದ್ದ ಕತೆ. ಕಲ್ಲೇಶ ಗಂಟಲು ಸರಿಮಾಡಿಕೊಂಡ. ಜೀವಾತ್ಮನು ದಾರಿ ತಪ್ಪಿ, ತಡವಾಗಿ ಶಿವನ ಬಾಗಿಲಿಗೆ ಬಂದು ಕದ ಬಡಿಯುತ್ತಾನೆ. ಒಳಗಿನಿಂದ ಉತ್ತರವಿಲ್ಲ ಅಂದ. ದಾಕ್ಷಾಯಣಮ್ಮ ಕಣ್ಣು ಮುಚ್ಚಿ ಕೈಮುಗಿದರು. ಅಡುಗೆಮನೆಯಲ್ಲಿ ಭಾಗ್ಯಳಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಎರಡನೇ ಹಾಡಿಗೆ ಅತ್ತೆಯ ಪ್ರಶ್ನೆಗಳು ಶುರುವಾದವು.

"ಒಂದೇ ಮಾತು ಎರಡೆರಡು ಸಲ ಹೇಳ್ತಾನಲ್ಲ, ಯಾಕೆ?"

"ಬ್ಲೂಸ್ ಪದ್ಧತಿನೇ ಹಂಗೆ ಅತ್ತೆ. ಮೊದಲನೇ ಸಾಲು ಎರಡು ಸಲ, ಆಮೇಲೆ ಮುಂದಿನ ಸಾಲು."

"ಪಾಪ, ಮನೇಲಿ ಒಂದು ಸಲ ಹೇಳಿದ್ರೆ ಯಾರೂ ಕಿವಿಗೆ ಹಾಕ್ಕಳಲ್ವೇನೋ."

ಮಾತಿರುವ ಹಾಡಾದರೆ ಹೇಗೋ ನಿಭಾಯಿಸಬಹುದು. ಮೂರನೇ ಆಲ್ಬಮ್ಮಿನಲ್ಲಿ ಏಳು ನಿಮಿಷ ಬರೀ ಗಿಟಾರು ಬಂತು. ಅದಕ್ಕೂ ಅತ್ತೆಗೆ ಅರ್ಥ ಬೇಕು. ಈಗ ದುಃಖ ಅಂದ ಕಲ್ಲೇಶ. ಎರಡು ನಿಮಿಷ ಬಿಟ್ಟು ಮತ್ತೆ ಕೇಳಿದರು. ಇನ್ನೂ ದುಃಖ ಅಂದ. ಐದನೇ ನಿಮಿಷಕ್ಕೆ ಅವನ ದುಃಖವೆಲ್ಲ ಖರ್ಚಾಗಿ, ಈಗ ಸ್ವಲ್ಪ ಮಳೆ ಬಂತು ಅಂದುಬಿಟ್ಟ. ದಾಕ್ಷಾಯಣಮ್ಮ "ಬರ್ಲಿ ಬಿಡ್ರಿ" ಅಂದರು.

ಇಷ್ಟಾದಮೇಲೆ ಬೀದಿ ಸುಮ್ಮನಿದ್ದೀತೇ? ಕಲ್ಲೇಶನ ಮನೆಯಲ್ಲಿ ಪುರಾಣ ನಡೆದಿದೆ, ಅಮೆರಿಕದ್ದಂತೆ ಅಂತ ಗೊತ್ತಾಗಿ ಎದುರುಮನೆಯ ಜುಂಜಮ್ಮ ಮೊದಲು ಬಂದಳು. ಕುರಿಮಂದೆಯ ಮನೆಯವಳು. ಹಾಡುವವನ ದನಿ ಕೇಳಿ, ಇವನು ಬಯಲಲ್ಲಿ ನಿಂತು ಕೂಗಿ ರೂಢಿ ಇರುವವನು, ನಮ್ಮ ಪೈಕಿಯೇ ಇರಬೇಕು ಅಂದಳು. ಐದನೇ ದಿನಕ್ಕೆ ಹನ್ನೆರಡು ಹೆಂಗಸರು ಚಾಪೆ ಹಿಡಿದು ಕೂತಿದ್ದರು. ಪುರಾಣಕ್ಕೆ ಬಂದವರನ್ನು ಬೇಡ ಅನ್ನುವಂತಿಲ್ಲ. ಎದ್ದು ಹೋಗುವಾಗ ಮಂಡಕ್ಕಿ ಸಕ್ಕರೆ ಕೊಡದೆ ಕಳಿಸುವಂತೆಯೂ ಇಲ್ಲ. ಭಾಗ್ಯ ಮಂಡಕ್ಕಿ ಹಂಚಿ ಹಂಚಿ ಗಂಡನನ್ನು ನೋಡುತ್ತಿದ್ದ ನೋಟಕ್ಕೆ ಒಂದು ಮೋಟಾರು ಸುಡಬಹುದಿತ್ತು.

ಆದರೆ ನಿಜ ಹೇಳಬೇಕು, ಈ ಎಲ್ಲ ಪೇಚಾಟದ ನಡುವೆ ಕಲ್ಲೇಶನಿಗೆ ಒಂದು ಖುಷಿ ಹತ್ತಿತು. ದಿನ ದಿನಕ್ಕೂ ಹಿಂದಿನ ದಿನ ಕತೆ ಎಲ್ಲಿಗೆ ನಿಂತಿತ್ತು ಅಂತ ಹೇಳಿ ಮುಂದುವರಿಸಬೇಕಾಗಿದ್ದರಿಂದ, ಅವನು ಹಾಡಿನ ಅರ್ಥ ಸಿಗದ ಕಡೆಯೆಲ್ಲ ತಂಡದ ಕತೆಯನ್ನೇ ಹೇಳಲು ಹಿಡಿದ. ಅದನ್ನು ಬೆಳಗಿನ ಹೊತ್ತು ಮೊಬೈಲಿನಲ್ಲಿ ಹುಡುಕಿ, ಮೊಬೈಲಿನಿಂದಲೇ ಕನ್ನಡ ಮಾಡಿಸಿ ಓದುತ್ತಿದ್ದ. ನಾಲ್ಕು ಗೆಳೆಯರು ಒಂದು ಲಾರಿ ಷೆಡ್ಡಿನಲ್ಲಿ ಶುರು ಮಾಡಿದ್ದು. ಎಪ್ಪತ್ತೆಂಟರಲ್ಲಿ ಗಿಟಾರಿನವನಿಗೂ ಹಾಡುವವನಿಗೂ ಮುನಿಸಾಗಿ, ಗಿಟಾರಿನವನು ಹೊರಟುಹೋಗಿದ್ದು. ಆ ದಿನ ನಡುಮನೆಯಲ್ಲಿ ಎಲ್ಲರೂ ಸೆರಗಿಗೆ ಮೂಗೊರೆಸಿಕೊಂಡರು. ಮುಂದೆ ಎಂಬತ್ತರ ದಶಕದ ಆಲ್ಬಮ್ಮುಗಳು ಬಂದವು. ಗಿಟಾರು ಹಿಂದಕ್ಕೆ ಸರಿದು, ಕೀಬೋರ್ಡು ಕುಂಯ್ ಕುಂಯ್ ಅನ್ನತೊಡಗಿತು, ಡ್ರಮ್ಮನ್ನು ಮಿಷನ್ನು ಬಾರಿಸಿತು.

"ಇವತ್ತು ಇವರಿಗೆ ಏನಾಗೈತೆ?" ಅಂದರು ದಾಕ್ಷಾಯಣಮ್ಮ. "ಮೈಗೆ ಹುಷಾರಿಲ್ವಾ?"

ಕಲ್ಲೇಶ ದಂಗಾದ. ಇಡೀ ಜಗತ್ತಿನ ಬ್ಲೂಸ್ ಪಂಡಿತರು ಪುಟಗಟ್ಟಲೆ ಬರೆದದ್ದು ಇದನ್ನೇ. ತೊಂಬತ್ತೆರಡರ ಆಲ್ಬಮ್ಮಿನಲ್ಲಿ ಮುನಿಸಿಕೊಂಡು ಹೋಗಿದ್ದ ಗಿಟಾರಿನವನು ವಾಪಸ್ಸು ಬಂದು ಮೊದಲ ತಂತಿ ಮೀಟಿದ. ಅರ್ಥ ಹೇಳುವ ಮುಂಚೆಯೇ ಜುಂಜಮ್ಮ "ಬಂದ ನೋಡ್ರೆ ಅವನು!" ಅಂದಳು, ಹನ್ನೆರಡೂ ಹೆಂಗಸರು ಹಗುರಾಗಿ ಉಸಿರುಬಿಟ್ಟರು. ಮೂವತ್ತು ವರ್ಷ ಇವರನ್ನು ಒಬ್ಬನೇ ಕೇಳಿದ ಕಲ್ಲೇಶ ಆ ಹಾಡನ್ನು ಮೊದಲಿನಿಂದ ಮತ್ತೊಮ್ಮೆ ಹಚ್ಚಿದ. ಅತ್ತೆ ಆ ಸಂಜೆ ಭಾಗ್ಯಳಿಗೆ ಹೇಳಿದ್ದು ಅವನ ಕಿವಿಗೂ ಬಿತ್ತು: ನಿನ್ನ ಗಂಡನ ಬಾಯಲ್ಲಿ ಸರಸ್ವತಿ ಇರುವುದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಕಲ್ಲೇಶ ಮೂರು ದಿನ ನೆಲದಿಂದ ಒಂದು ಗೇಣು ಮೇಲೆ ನಡೆದ.

ಇಪ್ಪತ್ಮೂರನೇ ದಿನ ಮಂಗಳ. ಅಷ್ಟರಲ್ಲಿ ತಂಡದಲ್ಲಿ ಉಳಿದವರು ಇಬ್ಬರೇ, ಇಬ್ಬರಿಗೂ ಎಪ್ಪತ್ತು ದಾಟಿತ್ತು. ಹಾಡುವವನ ದನಿ ಒಡೆದು, ಉಸಿರು ಅಲ್ಲಲ್ಲಿ ನಿಲ್ಲುತ್ತಿತ್ತು. ಗಿಟಾರು ಅವನಿಗಾಗಿ ಕಾಯುತ್ತಿತ್ತು. ಕೊನೆಯ ಹಾಡಿಗೆ ಕಲ್ಲೇಶ ಅರ್ಥ ಬಿಟ್ಟು ಸ್ಪೀಕರಿನ ದನಿ ಏರಿಸಿದ. ಹಾಡು ಮುಗಿದಮೇಲೆ ಹೆಂಗಸರು ಆರತಿ ಎತ್ತಿದರು. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಅತ್ತೆ ಹೇಳಿಕಳಿಸಿದ್ದರಿಂದ ತಾಳ್ಯದಿಂದ ಮುರುಗೇಶ ಬಂದಿದ್ದ, ಶಾಲು ಹಣ್ಣುಕಾಯಿ ಸಮೇತ. ಭಾವನಿಗೆ ಶಾಲು ಹೊದಿಸಿ, ಹಾರ ಹಾಕಿ, ಎಲ್ಲರೆದುರು ಕಾಲಿಗೆ ಬಿದ್ದ. ಎದ್ದು ನಿಂತು, ವೈರಿಂಗಿಗೆ ಬೇರೆ ಯಾರನ್ನೋ ಕರೆಸಿದ್ದೆ, ಈಗ ಫ್ಯಾನಿನ ಸ್ವಿಚ್ಚು ಒತ್ತಿದರೆ ಬಚ್ಚಲಮನೆ ಲೈಟು ಹತ್ತುತ್ತದೆ, ಆದರೂ ಪರವಾಗಿಲ್ಲ, ದೇವರ ಕೆಲಸ ದೊಡ್ಡದು ಅಂದ.

ಶಾಲಿನೊಳಗೆ ಕಲ್ಲೇಶ ಬೆವತುಹೋದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಹೆಂಗಸರು ಹುಗ್ಗಿ ಊಟಕ್ಕೆ ಕೂತಾಗ, ಅತ್ತೆ ಒಬ್ಬರೇ ಹಿತ್ತಲ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಹೋಗಿ ಅವರ ಮುಂದೆ ನಿಂತ. ತಾಳ್ಯದ ಬಾಗಿಲು ಮುಚ್ಚಿದರೆ ಮುಚ್ಚಲಿ ಅಂತ ಎಲ್ಲವನ್ನೂ ಹೇಳಿಬಿಟ್ಟ. ಇದು ಪುರಾಣವಲ್ಲ, ಇವರು ಶರಣರಲ್ಲ, ವೈರಿಂಗ್ ತಪ್ಪಿಸಿಕೊಳ್ಳಲು ಸುಳ್ಳು ಹೇಳಿದೆ, ಜೀವಾತ್ಮ ಕದ ಬಡಿದದ್ದೂ ಸುಳ್ಳು, ಅವನು ಕುಡಿದು ಬಂದಿದ್ದ.

ದಾಕ್ಷಾಯಣಮ್ಮ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಮಗ ಹತ್ತಿರದಲ್ಲಿಲ್ಲ ಅಂತ ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು.

"ನಾನೇನು ಪುರಾಣ ಕೇಳಾಕೆ ಬಂದಿದ್ನಾ ಅಳಿಯಂದ್ರೆ? ಅಲ್ಲಿ ಹನ್ನೊಂದು ಜನ ಗಾರೆ ಕೆಲಸದೋರಿಗೆ ದಿನಾ ಎರಡು ಹೊತ್ತು ರೊಟ್ಟಿ ತಟ್ಟಿ ತಟ್ಟಿ ನನ್ನ ರಟ್ಟೆ ಬಿದ್ದೋಗಿದ್ವು. ಯಾವ ಹೆಸರು ಹೇಳಿ ತಪ್ಪಿಸ್ಕಳಾಣ ಅಂತ ನೋಡ್ತಿದ್ದೆ. ನೀವು ಪುರಾಣ ಹಚ್ಚಿದೀರಿ ಅಂದ ಮುರುಗ. ಆವಾಗಲೇ ಬ್ಯಾಗು ತುಂಬಿದೆ."

ಇಪ್ಪತ್ಮೂರು ದಿನ ಕಲ್ಲೇಶನ ಎದೆ ಮೇಲೆ ಕೂತಿದ್ದ ಚಪ್ಪಡಿ ಜಾರಿ ಹಿತ್ತಲಿಗೆ ಬಿತ್ತು. ಅತ್ತೆಯ ಪಕ್ಕದಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು ನಕ್ಕ. ಅವರೂ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಆಮೇಲೆ ಎಲೆ ಮಡಚಿ ಬಾಯಿಗಿಟ್ಟುಕೊಂಡು, ಅವನ ಕಡೆ ವಾಲಿದರು.

"ನಾಳಿಂದ ಟೈಲ್ಸ್ ಹಾಕೋರು ಬರ್ತಾರಂತೆ. ಎಂಟು ಜನ. ರೊಟ್ಟಿ ಆಗಲ್ವಂತೆ, ಚಪಾತಿನೇ ಬೇಕಂತೆ. ಇವರಂಗೇ ಐವತ್ತು ವರ್ಷ ಹಾಡಿದೋರು ಇನ್ಯಾರಾದ್ರೂ ಅವ್ರಾ?"

ಅವ್ರೆ ಅತ್ತೆ, ಬೇಕಾದಷ್ಟು ಜನ ಅವ್ರೆ ಅಂದ ಕಲ್ಲೇಶ. ನಾಳೆ ಸಂಜೆಯಿಂದಲೇ ಹೊಸದಾಗಿ ಹಚ್ಚಿ, ಇನ್ನೂ ಚೆನ್ನಾಗಿ ಅರ್ಥ ಬಿಡಿಸಿ ಹೇಳುತ್ತೇನೆ ಅಂತ ಎದೆಯುಬ್ಬಿಸಿ ಶಾಲು ಸರಿಮಾಡಿಕೊಂಡ.

"ಹಚ್ರಿ," ಅಂದರು ದಾಕ್ಷಾಯಣಮ್ಮ. "ಆದ್ರೆ ಈ ಸಲ ಅರ್ಥ ಒಂದು ಹೇಳಬ್ಯಾಡ್ರಿ. ನಿಮ್ಮ ಗದ್ದಲದಾಗೆ ಹಾಡೇ ಸರಿಯಾಗಿ ಕೇಳ್ಸಲಿಲ್ಲ."