ಮಹಡಿ ಮನೆಯ ಹಾಡುಹಕ್ಕಿ

ಯಾಸುಜಿ: ಹಕ್ಕಿ ಅಂತ ಹೇಳಿದ್ದು ನಾನಲ್ಲ ಕಣೆ! "ಹಕ್ಕಿ ಸಾಕಿದ್ದೀಯೇನೋ?" ಅಂತ ಅಜ್ಜಿ ಕೇಳಿದ್ರು. ನಾನು "ಹೂಂ" ಅಂದೆ. ಅಷ್ಟೆ.

ಮಿಸಾವೊ: ಎರಡು ವರ್ಷದಿಂದ ಕೇಳಿದಾಗೆಲ್ಲ ಹೂಂ ಅಂತಿದ್ದೀರಲ್ಲ, ಅದಕ್ಕೇನಂತಾರೆ?

ಯಾಸುಜಿ: ದೊಡ್ಡವರ ಮಾತಿಗೆ ಎದುರಾಡದೇ ಇರೋದು ಅಂತಾರೆ.

ಇದು ಪೂರ್ವ ಒಸಾಕಾದ ಒಂದು ಹಳೇ ಮರದ ಮನೆಯ ಮಹಡಿ; ಗಂಡ ಹೆಂಡತಿ ಇಬ್ಬರೂ ಇಲ್ಲಿ ಬಾಡಿಗೆಗಿದ್ದಾರೆ. ಯಾಸುಜಿ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಗದ್ದಲದ ಮುಂದೆ ಇಪ್ಪತ್ತೆಂಟು ವರ್ಷ ನಿಂತವನು. ಅವನ ಪಿಸುಮಾತು ಕೂಡ ಬೀದಿ ತುದಿಗೆ ಕೇಳುತ್ತದೆ. ಕೆಳಗಿನ ಮನೆಯಲ್ಲಿ ಮನೆ ಒಡತಿ ಉಮೆಗಾಕಿ ಅಜ್ಜಿ. ಎರಡು ವರ್ಷಕ್ಕೊಮ್ಮೆ ಬಾಡಿಗೆ ಕರಾರು ಹೊಸದಾಗಬೇಕು. ಇವತ್ತು ಭಾನುವಾರ, ಹತ್ತು ಗಂಟೆಗೆ ಅಜ್ಜಿ ಕಾಗದ, ಮೊಹರು ಹಿಡಿದುಕೊಂಡು ಮೇಲೆ ಬರುತ್ತಾಳೆ. ಕರಾರಿನ ಏಳನೇ ಸಾಲು ಹೀಗಿದೆ: ಪುಟ್ಟ ಹಕ್ಕಿ, ಮೀನು ಬಿಟ್ಟು ಬೇರೆ ಯಾವ ಪ್ರಾಣಿ ಸಾಕಿದರೂ ಮನೆ ಖಾಲಿ ಮಾಡತಕ್ಕದ್ದು.

ಪಂಜರದೊಳಗಿನ ಗೊಂಟಾ ಹಕ್ಕಿಯೂ ಅಲ್ಲ, ಮೀನೂ ಅಲ್ಲ. ಅದು ಡೆಗು, ಇಲಿ ಜಾತಿಯ ಒಂದು ಪರದೇಶಿ ಪ್ರಾಣಿ. ಇಲಿಗಿಂತ ದಪ್ಪ, ಅಳಿಲಿಗಿಂತ ಮೊಂಡು, ಬಾಲದ ತುದಿಗೆ ಬಣ್ಣ ಬಳಿಯುವ ಕುಂಚದಂಥ ಕೂದಲು. ಬೆಳಗಾಯಿತೆಂದರೆ ಪೀ ಪೀ ಎಂದು ರಾಗ ಎಳೆಯುತ್ತದೆ. ಅದನ್ನು ಕೇಳಿಯೇ ಅಜ್ಜಿ ಹಕ್ಕಿ ಎಂದುಕೊಂಡದ್ದು; ಚಳಿಗಾಲ ಪೂರ್ತಿ ದಿನಕ್ಕೆ ಅರ್ಧ ಕಿತ್ತಳೆಯನ್ನು ಬಾಗಿಲ ಹಿಡಿಗೆ ನೇತುಹಾಕಿ ಹೋಗುತ್ತಿದ್ದದ್ದು.

ಮಿಸಾವೊ: ಆ ಕಿತ್ತಳೆ ಎಲ್ಲ ಎಲ್ಲಿ ಹೋಯ್ತು ಅಂತ ಕೇಳಿದ್ರೆ?

ಯಾಸುಜಿ: ಗೊಂಟಾಗೆ ಕೊಡೋ ಹಾಗಿಲ್ಲ. ಎಸೆದ್ರೆ, ಅಜ್ಜಿ ಎಲ್ಲರ ಕಸದ ಚೀಲಾನೂ ಬಿಚ್ಚಿ ನೋಡ್ತಾರೆ. ಅದಕ್ಕೆ ನಾನೇ ತ್ಯಾಗ ಮಾಡಿದೆ.

ಮಿಸಾವೊ: ತ್ಯಾಗ ಸೊಂಟದ ಸುತ್ತ ಕಾಣ್ತಿದೆ. ಒಂದು ದಿನದ ಮಟ್ಟಿಗೆ ಇದನ್ನ ನನ್ನ ತಮ್ಮನ ಮನೇಲಿ ಬಿಡಿ ಅಂದ್ರೆ ಕೇಳ್ಲಿಲ್ಲ ನೀವು.

ಯಾಸುಜಿ: ಅವನ ಮನೇಲಿ ಬೆಕ್ಕಿದೆ!

ಮಿಸಾವೊ: ಬೆಕ್ಕಿಗೆ ವಯಸ್ಸಾಗಿದೆ.

ಯಾಸುಜಿ: ಹಲ್ಲಿಗೆ ಆಗಿದ್ಯಾ?

ಅಷ್ಟರಲ್ಲಿ ಮೆಟ್ಟಿಲು ಕಿರುಗುಟ್ಟಿತು. ಯಾಸುಜಿ ಕೈಗೆ ಸಿಕ್ಕ ಹೊದಿಕೆಯನ್ನು ಪಂಜರದ ಮೇಲೆ ಎಸೆದ. ಅಜ್ಜಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಎಂಬತ್ತೊಂದು ವರ್ಷ. ಬೆನ್ನು ಬಾಗಿದೆ, ಕಣ್ಣು ಮಾತ್ರ ಸೂಜಿ.

ಯಾಸುಜಿ: ಬನ್ನಿ ಅಜ್ಜಿ, ಬನ್ನಿ. ಮೊಹರು ಇಲ್ಲಿ ಒತ್ಲಾ?

ಅಜ್ಜಿ: ತಡಿಯೋ, ಏನವಸರ? ಮೊದಲು ಹಕ್ಕಿ ತೋರ್ಸು. ನಲವತ್ತು ವರ್ಷ ಹಕ್ಕಿ ಸಾಕಿದವಳು ನಾನು, ಇಂಥ ರಾಗ ಕೇಳೇ ಇಲ್ಲ.

ಯಾಸುಜಿ: ಅದಕ್ಕೆ ನಾಚಿಕೆ ಜಾಸ್ತಿ ಅಜ್ಜಿ.

ಅಜ್ಜಿ: ಬಣ್ಣ ಏನು?

ಯಾಸುಜಿ: ಕಂದು.

ಮಿಸಾವೊ: ಹಸಿರು.

ಇಬ್ಬರ ಬಾಯಿಂದಲೂ ಒಟ್ಟಿಗೇ ಬಂದುಬಿಟ್ಟಿತು.

ಅಜ್ಜಿ: ಎರಡಿದ್ಯಾ?

ಯಾಸುಜಿ: ಒಂದೇ. ಬೇಸಿಗೇಲಿ ಹಸಿರು.

ಮಿಸಾವೊ: ಚಳಿಗಾಲಕ್ಕೆ ಕಂದು. ಎಲೆ ಥರ.

ಹೊದಿಕೆಯೊಳಗಿಂದ ಕರ ಕರ ಸದ್ದು ಬಂತು. ಗೊಂಟಾ ಪಂಜರದೊಳಗಿನ ಮರದ ಮೆಟ್ಟಿಲಿಗೆ ಹಲ್ಲು ಹಾಕಿತ್ತು.

ಅಜ್ಜಿ: ಏನದು?

ಯಾಸುಜಿ: ಕೊಕ್ಕು ಮಸೀತಿದೆ.

ಅಜ್ಜಿ: ಬಡಗಿ ಗರಗಸ ಎಳೆದಂಗಿದೆಯಲ್ಲೋ!

ಯಾಸುಜಿ: ಮರಕುಟಿಗನಿಗೂ ಇದಕ್ಕೂ ಸಂಬಂಧ ಇದೆಯಂತೆ. ತಾಯಿ ಕಡೆಯಿಂದ.

ಅಜ್ಜಿ: ಈ ಒಣಹುಲ್ಲಿನ ಮೂಟೆ?

ಮಿಸಾವೊ: ಗೂಡು ಕಟ್ಟೋಕೆ ಅಜ್ಜಿ.

ಅಜ್ಜಿ: ಇಷ್ಟೊಂದಾ? ಹಕ್ಕಿ ಸಾಕಿದ್ದೀರೋ ಕುದುರೆ ಸಾಕಿದ್ದೀರೋ?

ಈಗ ಗಡಗಡ ಎಂದು ಗೊಂಟಾ ಓಡುವ ಚಕ್ರ ತಿರುಗತೊಡಗಿತು. ಯಾಸುಜಿಯೇ ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಕೂತು, ಕಾಲು ಸಿಕ್ಕಿಕೊಳ್ಳದಂತೆ ಸಂದಿಲ್ಲದ ತಗಡಿನಲ್ಲಿ ಮಾಡಿದ ಚಕ್ರ. ಬೇರೆ ದಿನವಾಗಿದ್ದರೆ ಆ ಸದ್ದಿಗೆ ಅವನ ಎದೆ ಉಬ್ಬುತ್ತಿತ್ತು.

ಅಜ್ಜಿ: ಓಡ್ತಿದ್ಯಲ್ಲೋ!

ಯಾಸುಜಿ: ಹಾರೋಕೆ ಮುಂಚೆ ಓಡುತ್ತೆ. ವಿಮಾನ ಓಡಲ್ವಾ ಅಜ್ಜಿ?

ಅಜ್ಜಿ ಅಂಗಿಯ ತೋಳಿನ ಮಡಿಕೆಯಿಂದ ಕಾಗದದ ಪೊಟ್ಟಣ ತೆಗೆದಳು. ಸೂರಿನಡಿ ತೂಗಿಬಿಟ್ಟು ತಾನೇ ಒಣಗಿಸಿದ, ಕಾಕಿ ಎಂಬ ಸಿಹಿ ಹಣ್ಣು; ಮೇಲೆಲ್ಲ ಬೆಳ್ಳಗೆ ಸಕ್ಕರೆ ಬಿಟ್ಟುಕೊಂಡಿತ್ತು.

ಅಜ್ಜಿ: ಹೋಗ್ಲಿ ಬಿಡು. ನನ್ನ ಕೈಯಿಂದ ತಿಂದ್ರೆ ಸಾಕು.

ಹಾಗೆಂದವಳೇ ಹೊದಿಕೆಯಡಿ ಕೈ ತೂರಿಸಿ, ಕಂಬಿಯ ಸಂದಿಯಿಂದ ಹಣ್ಣನ್ನು ಒಳಗೆ ನೂಕಿದಳು. ಮಿಸಾವೊ ಗಂಡನ ಮಂಡಿಯನ್ನು ಜೋರಾಗಿ ಹಿಡಿದುಕೊಂಡಳು. ಬಾಯಿ ಮುಚ್ಚಿಕೊಂಡು ಕೂತರೆ ಮನೆ ಉಳಿಯುತ್ತಿತ್ತು. ಯಾಸುಜಿಗೆ ಅದು ಗೊತ್ತಿತ್ತು.

ಯಾಸುಜಿ: ತೆಗೀರಿ ಅಜ್ಜೀ! ಯಾರ್ರೀ ಹೇಳಿದ್ದು ನಿಮಗೆ ಸಿಹಿ ಕೊಡೋಕೆ? ಅದರ ಮೈಗೆ ಸಕ್ಕರೆ ಆಗಲ್ಲ! ಸಕ್ಕರೆ ಕಾಯಿಲೆ ಬರುತ್ತೆ, ಕಣ್ಣಿಗೆ ಪೊರೆ ಬರುತ್ತೆ!

ಹೊದಿಕೆ ಹಾರಿತು. ಗೊಂಟಾ ಎರಡೂ ಕೈಯಲ್ಲಿ ಹಣ್ಣು ಹಿಡಿದು, ಉಡುಗೊರೆ ಸಿಕ್ಕಿದ ಮಾವನಂತೆ ಕೂತಿತ್ತು. ಯಾಸುಜಿ ಬಾಗಿಲು ತೆಗೆದು ಹಣ್ಣು ಕಿತ್ತುಕೊಂಡ. ಗೊಂಟಾ ಆಚೆ ಜಿಗಿದು ಓಡಿತು. ಅಜ್ಜಿ ಬಾಲಕ್ಕೆ ಕೈ ಹಾಕಿದಳು.

ಯಾಸುಜಿ: ಬಾಲ ಮುಟ್ಟಬೇಡೀ! ಚರ್ಮ ಕಿತ್ತು ಕೈಗೆ ಬರುತ್ತೆ, ಮತ್ತೆ ಬೆಳೆಯಲ್ಲ!

ಅವನು ಎರಡೂ ಅಂಗೈ ಬೊಗಸೆ ಮಾಡಿ ನೆಲಕ್ಕೆ ಇಟ್ಟ. ಗೊಂಟಾ ತಾನಾಗೇ ಬಂದು ಹತ್ತಿಕೊಂಡಿತು. ಮಿಸಾವೊ ಆಗಲೇ ತಪ್ಪಾಯಿತೆಂದು ಹಣೆಯನ್ನು ಚಾಪೆಗೆ ಊರಿದ್ದಳು.

ಅಜ್ಜಿ: ಇದು ಇಲಿ.

ಯಾಸುಜಿ: ಡೆಗು ಅಜ್ಜಿ. ಗೊಂಟಾ ಅಂತ ಹೆಸರು.

ಅಜ್ಜಿ: ಎರಡು ವರ್ಷ ನನ್ನ ಕೈಯಲ್ಲಿ ಇಲಿಗೆ ಕಿತ್ತಳೆ ಹೊರಿಸಿದ್ಯಾ?

ಮಿಸಾವೊ: ಇದು ತಿಂದಿಲ್ಲ ಅಜ್ಜಿ. ಇವರು ತಿಂದಿದ್ದು.

ಯಾಸುಜಿ: ತಪ್ಪು ನಂದೇ. ಖಾಲಿ ಮಾಡ್ತೀವಿ. ಚಳಿ ಕಳೆಯೋವರೆಗೂ ಟೈಮ್ ಕೊಡಿ, ಇದಕ್ಕೆ ಥಂಡಿ ತಡೆಯಲ್ಲ. ನಮಗೆ ಬೇಡ, ಇದಕ್ಕೆ ಕೊಡಿ.

ಅಜ್ಜಿ ಮೂಗು ತಾಗುವಷ್ಟು ಹತ್ತಿರ ಬಗ್ಗಿ ಗೊಂಟಾನ ಬಾಯಿ ನೋಡಿದಳು.

ಅಜ್ಜಿ: ಹಲ್ಲೆಲ್ಲ ಕೆಂಚಗಾಗಿದೆ. ಹುಳುಕಾ?

ಯಾಸುಜಿ: ಆ ಬಣ್ಣ ಇದ್ರೇ ಆರೋಗ್ಯ. ಬೆಳ್ಳಗಾದ್ರೆ ಡಾಕ್ಟ್ರ ಹತ್ರ ಓಡ್ಬೇಕು.

ಅಜ್ಜಿ: ಈ ಮರಳು?

ಯಾಸುಜಿ: ಸ್ನಾನಕ್ಕೆ. ನೀರು ಹಾಕಂಗಿಲ್ಲ.

ಅಜ್ಜಿ: ತಿನ್ನೋದು?

ಯಾಸುಜಿ: ಒಣಹುಲ್ಲು.

ಅಜ್ಜಿ: ಹಬ್ಬದ ದಿನ?

ಯಾಸುಜಿ: ಅವತ್ತೂ ಹುಲ್ಲೇ.

ಅಜ್ಜಿ ಹಣ್ಣನ್ನು ಮತ್ತೆ ಪೊಟ್ಟಣಕ್ಕೆ ಸುತ್ತಿದಳು. ಸುತ್ತುವುದಕ್ಕೆ ತುಸು ಹೆಚ್ಚೇ ಹೊತ್ತು ತೆಗೆದುಕೊಂಡಳು.

ಅಜ್ಜಿ: ನನ್ನ ಕೊನೇ ಹಕ್ಕಿಗೆ ಹೊಸ ವರ್ಷದ ದಿನ ನಾನೇ ಅಕ್ಕಿ ಕಡುಬು ತಿನ್ನಿಸಿದೆ ಕಣೋ. ಗಂಟಲಿಗೆ ಸಿಕ್ಕಿಕೊಳ್ತು. ನಮ್ಮೆಜಮಾನ್ರು ಪಕ್ಕದಲ್ಲೇ ಕೂತಿದ್ರು. ಬೇಡ ಅನ್ನೋದು ಗೊತ್ತಿತ್ತಂತೆ. ನನಗೆ ಹೆದರಿ ಬಾಯಿ ಬಿಡ್ಲಿಲ್ಲ.

ಅವಳು ಕರಾರನ್ನು ಮೇಜಿನ ಮೇಲೆ ಹರಡಿ, ಏಳನೇ ಸಾಲಿನಲ್ಲಿ ಮೀನಿನ ಪಕ್ಕಕ್ಕೆ "ಮತ್ತು ಗೊಂಟಾ" ಎಂದು ಬರೆದು, ಮೊಹರು ಒತ್ತಿದಳು.

ಯಾಸುಜಿ: ಅಜ್ಜೀ! ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ ಅಜ್ಜೀ!

ಕಿಟಕಿ ಗಾಜು ನಡುಗಿತು. ಗೊಂಟಾ ಅವನ ಕೈಯಿಂದ ಹಾರಿ ಗೂಡಿನೊಳಗೆ ಹೊಕ್ಕಿತು. ಅಜ್ಜಿ ಕಿವಿ ಉಜ್ಜಿಕೊಂಡು ಮತ್ತೆ ಪೆನ್ನು ತೆರೆದಳು.

ಅಜ್ಜಿ: ಮಿಸಾವೊ, ಇಷ್ಟು ಕಿರುಚೋ ಇನ್ನೊಂದು ಪ್ರಾಣಿ ಇದೆಯಲ್ಲ ಈ ಮನೇಲಿ, ಇದನ್ನ ಯಾವ ಸಾಲಿಗೆ ಸೇರಿಸ್ಲಿ?

ಮಿಸಾವೊ: ಬರೀಬೇಡಿ ಅಜ್ಜಿ. ಎಂಥದ್ದನ್ನ ಸಾಕಿದ್ದೀನಿ ಅಂತ ನಮ್ಮ ತವರಿಗೂ ಪೂರ್ತಿ ಹೇಳಿಲ್ಲ.