ಅರ್ಧ ಬೆಲೆಯ ಸಮುದ್ರ

ಯಾರು ಎಷ್ಟೇ ಹೇಳಲಿ, ನೀವು ಅರ್ಧಕ್ಕೆ ಕೇಳಿ. ಇದು ನನ್ನ ಪುಕ್ಕಟೆ ಸಲಹೆ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲು ಹೊತ್ತು ಹಾಕುತ್ತಿದ್ದ ನಾನು ಇಂದು ಸ್ವಂತ ಫರ್ಸಿ ಅಂಗಡಿ ಇಟ್ಟಿರುವುದು ಈ ಮಂತ್ರದಿಂದಲೇ. ಹೀಗಾಗಿ ಸಮುದ್ರವನ್ನೇ ಕೊಳ್ಳುವ ಪ್ರಸಂಗ ಬಂದಾಗಲೂ ನಾನು ಹೆದರಲಿಲ್ಲ.

ಮೊಬೈಲಿನಲ್ಲಿ ನೋಡಿದ್ದೆ. ಒಂದು ತೊಟ್ಟಿಯ ಉಪ್ಪುನೀರಿನಲ್ಲಿ ಸಿಗಡಿ, ಪಕ್ಕದ ತೊಟ್ಟಿಯಲ್ಲಿ ಕಡಲತೀರದ ದಪ್ಪ ಎಲೆಯ ಉಪ್ಪುಸೊಪ್ಪು. ಸಿಗಡಿಯ ಹೊಲಸು ಸೊಪ್ಪಿಗೆ ಗೊಬ್ಬರ. ಸೊಪ್ಪು ಸೋಸಿದ ನೀರು ಮರಳಿ ಸಿಗಡಿಗೆ. ಇಬ್ಬರೂ ದುಡಿಯುತ್ತಾರೆ, ಪಗಾರ ಯಾರಿಗೂ ಇಲ್ಲ! ಇಷ್ಟೊಂದು ಸಿಮೆಂಟ್ ಕಾರ್ಖಾನೆಗಳಿರುವ ನಮ್ಮ ಸೀಮೆಯಲ್ಲೂ ಇಂಥ ಕಾರ್ಖಾನೆ ಇಲ್ಲ.

ಅಂಗಡಿಯ ಹಿಂದಿನ ಖಾಲಿ ಜಾಗದ ಮೇಲೆ ನನ್ನ ಹೆಂಡತಿ ಶರಣಮ್ಮನ ಕಣ್ಣಿತ್ತು. ಅವಳಿಗೆ ಅಲ್ಲಿ ರೊಟ್ಟಿ ಅಂಗಡಿ ಇಡಬೇಕಿತ್ತು.

"ಅಲ್ರಿ, ಹೊಲಕ್ಕ ಸವಳು ಬಂದ್ರ ಮಂದಿ ತಲಿಮ್ಯಾಲ ಕೈ ಹೊತ್ತು ಕುಂದರ್ತಾರ. ನೀವು ರೊಕ್ಕ ಕೊಟ್ಟು ಸವಳು ತರ್ಲಿಕತ್ತೀರಿ? ಅದೂ ತತ್ತಿ ಸುದ್ದಿ ಇಲ್ಲದ ಮನ್ಯಾಗ ಸಿಗಡಿ!"

"ನಾವೇನ್ ತಿಂತೀವೇನ? ಮಾರ್ತೀವಿ. ವ್ಯಾಪಾರಕ್ಕ ಮಡಿ ಇಲ್ಲ."

"ಹಂಗಾರ ಮಾತು ಕೊಡ್ರಿ. ಇದು ಕೆಟ್ರ ಜಾಗಾ ನಂದು."

ಕೊಟ್ಟೆ. ಕೆಡುವ ಪ್ರಶ್ನೆಯೇ ಇರಲಿಲ್ಲವಲ್ಲ!

ಯಾರೂ ಕೊಳ್ಳದೆ ಬಿದ್ದಿದ್ದ ಸೀಳು ಬಿಟ್ಟ ಫರ್ಸಿಗಳಿಂದ ಎರಡು ತೊಟ್ಟಿ ಕಟ್ಟಿಸಿ, ಒಂದರಲ್ಲಿ ಉಪ್ಪುಸೊಪ್ಪು ನೆಟ್ಟೆ. ಸಿಗಡಿ ಮರಿ ಮಾರುವ ಆಂಧ್ರದ ರಾಜು ಇಂತಿಷ್ಟು ಚೀಲ ಉಪ್ಪು ಬೇಕೆಂದು ಫೋನಿನಲ್ಲಿ ಹೇಳಿದ. ನಾನು ಅದರ ಅರ್ಧ ಹಾಕಿದೆ. ಉಪ್ಪಿನ ವ್ಯಾಪಾರಿಯಿಂದ ಇವನಿಗೆ ಕಮಿಷನ್ ಇರಬಹುದೆಂಬ ದೂರದೃಷ್ಟಿ!

ರಾಜು ಮರಿಗಳಿದ್ದ ನೀರಿನ ಚೀಲಗಳೊಂದಿಗೆ ವಾಡಿ ಸ್ಟೇಷನ್ನಿನಲ್ಲಿ ಇಳಿದ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ.

"ಅಣ್ಣಾ, ಮೊದಲು ಮರಿ ಮನೀಗೆ ಒಯ್ಯಿರಿ. ರೇಟು ಆಮ್ಯಾಲ ಮಾತಾಡೋಣ."

"ಅವಸರ ಮಾಡವನ ಮಾಲಿನ್ಯಾಗ ಖೋಟ್ ಇರ್ತದ," ಎಂದೆ.

ಚಹಾ ಕುಡಿದೆವು. ಬೇಡವೆಂದು ಎದ್ದು ಹೋದಂತೆ ಮಾಡಿದೆ. ಅವನು ಕರೆಯಲಿಲ್ಲ. ಚಪ್ಪಲಿ ಸರಿಪಡಿಸುವ ನೆಪದಲ್ಲಿ ನಿಂತು, ನಾನೇ ಮರಳಿ ಬಂದೆ. ಕೊನೆಗೆ ಅವನು ಮರಳಬೇಕಿದ್ದ ರೈಲು ಕೂಗಿದಾಗ ಅರ್ಧ ಬೆಲೆಗೆ ಒಪ್ಪಿದ. ವಿಜಯ! ಮನೆಗೆ ತಂದು ಚೀಲ ಬಿಚ್ಚಿದರೆ ಮರಿಗಳೂ ಅರ್ಧವೇ ಜೀವಂತ.

ಉಳಿದವನ್ನು ತೊಟ್ಟಿಗೆ ಸುರಿದೆ. ಬೆಳಗಾಗುವಷ್ಟರಲ್ಲಿ ಅವೂ ತೇಲಿದವು. ರಾಜುವಿಗೆ ಫೋನ್ ಹಚ್ಚಿ ಗುಡುಗಿದೆ.

"ಉಪ್ಪು ಎಷ್ಟು ಹಾಕಿದ್ರಿ?"

ಹೇಳಿದೆ.

"ಸಮುದ್ರದ ಕೂಡಾನೂ ಚೌಕಾಸಿ ಮಾಡಿದ್ರೇನಣ್ಣಾ?"

ಅಷ್ಟರಲ್ಲಿ ಸೀಳು ಫರ್ಸಿ ತನ್ನ ಗುಣ ತೋರಿಸಿತು. ಉಪ್ಪುನೀರು ಸೋರಿ ಪಕ್ಕದಲ್ಲಿದ್ದ ಶರಣಮ್ಮನ ಮೆಂತ್ಯದ ಮಡಿ ಪೂರ್ತಿ ಸುಟ್ಟುಹೋಯಿತು! ಅವಳು ಬೈಯಲಿಲ್ಲ. ಒಳಗಿನಿಂದ ಟೇಪು ತಂದು ಜಾಗ ಅಳೆಯತೊಡಗಿದಳು. ಬೈದಿದ್ದರೇ ಚೆನ್ನಾಗಿತ್ತು.

ಉಪ್ಪುಸೊಪ್ಪಿಗೆ ಮಾತ್ರ ನನ್ನ ಮೇಲೆ ಯಾವ ದ್ವೇಷವೂ ಇರಲಿಲ್ಲ. ಹಾಳಾದ ಮೆಂತ್ಯದ ಮಡಿಯಲ್ಲೂ ಹಬ್ಬಿತು. ಶರಣಮ್ಮ ಒಂದು ಎಲೆ ಕಡಿದು ನೋಡಿದಳು.

"ಬೇಶ್ ಅದ. ಪಲ್ಯಾಕ್ಕ ಉಪ್ಪು ಹಾಕೋದು ಉಳೀತು!"

ಈಗ ಆ ಜಾಗದಲ್ಲಿ ಅವಳ ರೊಟ್ಟಿ ಅಂಗಡಿ ನಡೆಯುತ್ತಿದೆ. ಜೋಳದ ರೊಟ್ಟಿ, ಶೇಂಗಾಪುಡಿ ಉದುರಿಸಿದ ಉಪ್ಪುಸೊಪ್ಪಿನ ಪಲ್ಯ. ಸೇಡಂ, ಚಿಂಚೋಳಿಯ ಕಡೆಯ ಲಾರಿಯವರು ನಿಲ್ಲಿಸಿ ಉಣ್ಣುತ್ತಾರೆ. ಬಾಗಿಲಿಗೆ ನನ್ನದೇ ಫರ್ಸಿಯ ಮೇಲೆ ಬರೆಸಿದ್ದಾಳೆ: 'ಒಂದೇ ದರ. ಚೌಕಾಸಿ ಇಲ್ಲ.'

ಒಂದು ಮಧ್ಯಾಹ್ನ ಹಸಿದು ಹೋದೆ.

"ಜಾಗಾ ನಂದು, ಸೊಪ್ಪು ನಂದು. ನನಗ ಅರ್ಧಕ್ಕ ಕೊಡು," ಎಂದೆ.

"ಆಗ್ಲಿ, ಕುಂದರ್ರಿ," ಎಂದಳು. ಅಷ್ಟು ಬೇಗ ಒಪ್ಪಿದಳಲ್ಲ ಎಂದು ಗೆದ್ದ ಖುಷಿಯಲ್ಲಿ ಕೈತೊಳೆದು ಕುಳಿತೆ.

ರೊಟ್ಟಿಯನ್ನು ನಡುವೆ ಮುರಿದು, ಅರ್ಧ ನನ್ನ ತಟ್ಟೆಗೆ ಹಾಕಿದಳು!