ನಾನು ಯಾರೆಂದು ಹೇಳಬೇಕಾಗಿಲ್ಲ

ಕಾನೂನು ಪಾಠ ಮಾಡುವವಳಿಗೆ ಪೊಲೀಸರು ಎಲ್ಲೆಲ್ಲೋ ಸಿಗುತ್ತಲೇ ಇರುತ್ತಾರೆ. ಸಿಕ್ಕಾಗಲೆಲ್ಲ ನನಗೆ ಬಾಯಿ ತುರಿಸುತ್ತದೆ, ಆಮೇಲೆ ಮೈ ಜುಮ್ಮೆನ್ನುತ್ತದೆ.

೧

ನಮ್ಮ ಬಡಾವಣೆ ದ್ವಾರಕಾದ ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುತ್ತಿದ್ದೆ. ದಟ್ಟ ಮಂಜು. ಅದರೊಳಗಿಂದ ಕಾನ್‌ಸ್ಟೆಬಲ್ ಒಬ್ಬ ಮೂಡಿ ಬಂದು ಹೆಸರು, ಗುರುತಿನ ಚೀಟಿ ಕೇಳಿದ. ಬಿಡ್ತೀನಾ? ಯಾವ ತಪ್ಪಿನ ಅನುಮಾನವೂ ಇಲ್ಲದೆ, ಸುಮ್ಮನೆ ಓಡಾಡುವವಳನ್ನು ಗುರುತು ತೋರಿಸೆಂದು ಬಲವಂತ ಮಾಡುವ ಅಧಿಕಾರ ನಿಮಗಿಲ್ಲ ಎಂದು ಕಾಲು ಗಂಟೆ ಪಾಠ ಮಾಡಿದೆ. ಆತ ತಾಳ್ಮೆಯಿಂದ ಕೇಳಿಸಿಕೊಂಡು, ನನ್ನ ಹೆಸರು, ಫ್ಲ್ಯಾಟ್ ನಂಬರು, ಮಗಳು ಮಸ್ಕತ್‌ನಲ್ಲಿ ಬಸುರಿ ಅನ್ನುವುದನ್ನೂ ತಾನೇ ಹೇಳಿದ. ಗೊತ್ತಿದ್ದೂ ಯಾಕೆ ಕೇಳಿದಿರಿ ಅಂದೆ.

“ಮಾತಾಡಿಸೋಣ ಅಂತ, ಮೇಡಂ,” ಎಂದು ಮಂಜಿನೊಳಗೆ ಹೋದ.

೨

ಇದನ್ನೆಲ್ಲ ನಮ್ಮವರೇ ಯಾರೋ ಅವನಿಗೆ ಹೇಳಿರಬೇಕು ಎಂಬ ಹೆದರಿಕೆಗೇ ನಮ್ಮ ಫ್ಲ್ಯಾಟುಗಳ ಸೊಸೈಟಿಯವರನ್ನೆಲ್ಲ ಕೂರಿಸಿಕೊಂಡು, ಪೊಲೀಸರು ಯಾರ ಬಗ್ಗೆ ಕೇಳಿದರೂ ಸುಮ್ಮನೆ ಬಾಯಿ ಬಿಡಬೇಡಿ ಎಂದು ಬುದ್ಧಿ ಹೇಳಿದೆ. ಎದುರು ಮನೆಯ ನಿವೃತ್ತ ಅಧಿಕಾರಿ, ನಮ್ಮೆಲ್ಲರ ಅಂಕಲ್‌ಜೀ, ಡೈರಿಯಲ್ಲಿ ಬರೆದುಕೊಂಡರು.

ವಾರದೊಳಗೆ ಬಾಗಿಲುಗಳ ಮೇಲಿನ ಹೆಸರಿನ ಫಲಕಗಳು ಒಂದೊಂದಾಗಿ ಮಾಯವಾದವು. ಲಿಫ್ಟಿನಲ್ಲಿ ಹಳೇ ಪರಿಚಯದವರೂ ಗೋಡೆಗೆ ಮುಖ ಮಾಡಿ ನಿಲ್ಲತೊಡಗಿದರು. ಮೇಲಿನ ಮನೆಯಾಕೆಯನ್ನು ಊಟ ಆಯ್ತಾ ಎಂದು ಕೇಳಿದೆ. ವಾರಂಟ್ ಇದೆಯಾ ಎಂದು ಕೇಳಿದಳು ಪುಣ್ಯಾತ್ಗಿತ್ತಿ.

೩

ಮಗಳ ಹೆರಿಗೆಗೆ ಆರು ವಾರ ಉಳಿದಿತ್ತು. ಬಾಣಂತನಕ್ಕೆ ಅವಳಿಗೆ ನನ್ನ ಬಿಟ್ಟರೆ ಇನ್ಯಾರೂ ಇಲ್ಲ. ನನ್ನ ಪಾಸ್‌ಪೋರ್ಟ್ ಅವಧಿಯೋ ಮುಗಿದಿತ್ತು. ಹೊಸದಕ್ಕೆ ಅರ್ಜಿ ಹಾಕಿದ ಮೇಲೆ ವಿಚಾರಣೆಗೆ ಠಾಣೆಯಿಂದ ಬೇರೊಬ್ಬ ಕಾನ್‌ಸ್ಟೆಬಲ್ ಬಂದ. ಈ ಸಲ ಪಾಠಗೀಠ ಏನೂ ಇಲ್ಲದೆ ಕಾಗದಪತ್ರವೆಲ್ಲ ಮುಂದಿಟ್ಟೆ. ಎಲ್ಲ ಸರಿ, ಅಕ್ಕಪಕ್ಕದ ಇಬ್ಬರು ನಿಮ್ಮನ್ನು ಗುರುತಿಸಿದರೆ ಮುಗೀತು ಅಂದ.

ಮೇಲಿನ ಮನೆ ಬಾಗಿಲು ಒಂದಿಂಚು ತೆರೆಯಿತು. ಎರಡು ಕಣ್ಣು ನನ್ನನ್ನು ನೋಡಿದವು, ಬಾಗಿಲು ಮುಚ್ಚಿತು. ಕೆಳಗಿನ ಮನೆಯಲ್ಲೂ ಹಾಗೇ. ಕೊನೆಗೆ, ಭಾನುವಾರ ತಪ್ಪದೆ ನನ್ನ ಕೈಯ ಬಿಸಿಬೇಳೆಬಾತ್ ತಿನ್ನುವ ಅಂಕಲ್‌ಜೀ ಮನೆಯ ಬೆಲ್ ಒತ್ತಿದೆ. ಅವರು ಸರಪಳಿ ತೆಗೆಯದೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ನೋಟ ಕಂಡು ನಾನು ಇದ್ದೀನೋ ಇಲ್ಲವೋ ಎಂದು ನನಗೇ ಅನುಮಾನ ಬಂತು.

“ಎದುರು ಮನೆ ಖಾಲಿ ಬಿದ್ದು ಎಷ್ಟೋ ವರ್ಷವಾಯ್ತು,” ಎಂದರು.

ಕಾನ್‌ಸ್ಟೆಬಲ್ ನಿಧಾನಕ್ಕೆ ನನ್ನ ಪಾದಗಳ ಕಡೆ ನೋಡಿದ, ಹಿಂದುಮುಂದಾಗಿವೆಯೇನೋ ಅಂತ. ಆಮೇಲೆ ‘ವಾಸವಿಲ್ಲ’ ಎಂದು ಗೀಚಿ, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದ.

ನಾನು ಹೊಸ್ತಿಲ ಮೇಲೆ ಕುಸಿದು ಗೊಳೋ ಎಂದು ಅತ್ತೆ. ಅಂಕಲ್‌ಜೀ ಬಾಗಿಲ ಸಂದಿಯಿಂದಲೇ ಸಮಾಧಾನ ಮಾಡಿದರು.

“ಅಳಬೇಡ ಬೇಟಿ. ನಾಳೆ ಅವನ ಸಾಹೇಬರೇ ಬಂದರೂ ನಾನು ಇದನ್ನೇ ಹೇಳ್ತೀನಿ.”